ಐದು ಹಂತದ ಟ್ರಾವೆಲ್ ಟ್ರೈಪಾಡ್: 12 ಕಿಲೋ ಹೊರುತ್ತದಂತೆ, ಆದರೆ 200 ಮಿ.ಮೀ. ಲೆನ್ಸ್ ಹಾಕಿದರೆ ನಡುಗುತ್ತದೆ

ಕಾರ್ಬನ್ ಫೈಬರ್ ಕಾಲು, ಐದು ಹಂತ, ತಿರುಗಿಸುವ ಲಾಕ್, 36 ಮಿ.ಮೀ. ಬಾಲ್ ಹೆಡ್ (ಕ್ಯಾಮೆರಾ ಕೂರಿಸುವ, ಚೆಂಡಿನ ಮೇಲೆ ತಿರುಗುವ ಮೇಲ್ಭಾಗ). ಕಂಪನಿ ಕೊಟ್ಟ ವಿವರಗಳ ಪಟ್ಟಿಯ ಪ್ರಕಾರ ಗರಿಷ್ಠ ಎತ್ತರ 155 ಸೆಂ.ಮೀ., ಮಡಚಿದಾಗ 35 ಸೆಂ.ಮೀ., ತೂಕ 1.1 ಕಿಲೋ, ಹೊರುವ ಸಾಮರ್ಥ್ಯ 12 ಕಿಲೋ. ಹೆಚ್ಚುಕಡಿಮೆ ಇದೇ ಅಳತೆಯ ಟ್ರೈಪಾಡ್‌ಗಳು ಹತ್ತಾರು ಹೆಸರಿನಲ್ಲಿ ಸಿಗುವುದರಿಂದ ಬ್ರ್ಯಾಂಡ್ ಯಾವುದು ಎನ್ನುವುದು ಇಲ್ಲಿ ಮುಖ್ಯವಲ್ಲ. ದೀರ್ಘ ಬಳಕೆಯ ನಂತರದ ತೀರ್ಪು ಇಷ್ಟು: 24-70 ಮಿ.ಮೀ. ಲೆನ್ಸ್‌ನಲ್ಲಿ ಲ್ಯಾಂಡ್‌ಸ್ಕೇಪ್ ತೆಗೆಯುವವರಿಗೆ ಧಾರಾಳವಾಗಿ ಸಾಕು, ದೂರದ್ದನ್ನು ಹತ್ತಿರ ತೋರಿಸುವ 200 ಮಿ.ಮೀ. ಲೆನ್ಸ್ ಆದರೆ ನಂಬುವ ಹಾಗಿಲ್ಲ. ಈ ತೀರ್ಪನ್ನು ಪಟ್ಟಿ ನೋಡಿಯೇ ಕೊಡಬಹುದು. ಆದರೆ ದಪ್ಪ ಅಕ್ಷರದ ಸಾಲುಗಳನ್ನು ಬಿಟ್ಟು ಸಣ್ಣ ಅಕ್ಷರದವನ್ನು ಓದಬೇಕು.

ಮೊದಲು ಆ 12 ಕಿಲೋ. ಹೊರುವ ಸಾಮರ್ಥ್ಯವನ್ನು ಎಲ್ಲ ಕಂಪನಿಗಳೂ ಒಂದೇ ರೀತಿ ಅಳೆಯುವುದಿಲ್ಲ. ಕಾಲು ಕುಸಿಯುವ ಮುನ್ನ ಎಷ್ಟು ಭಾರ ತಡೆಯಿತು ಎಂದು ಒಬ್ಬರು ಬರೆದರೆ, ಹೆಡ್ ಜಾರುವ ಮುನ್ನ ಎಷ್ಟು ಎಂದು ಇನ್ನೊಬ್ಬರು ಬರೆಯುತ್ತಾರೆ. ಫೋಟೋ ಹಾಳಾಗುವುದು ಟ್ರೈಪಾಡ್ ಕುಸಿದು ಅಲ್ಲ, ಅಲುಗಾಡಿ. ಕ್ಯಾಮೆರಾ ಮತ್ತು ಲೆನ್ಸ್ ತೂಕದ ಮೂರು ಪಟ್ಟು ಸಾಮರ್ಥ್ಯ ಇರಲಿ ಎಂಬ ಲೆಕ್ಕವೂ ಒಂದೇ ಕಂಪನಿಯ ಎರಡು ಮಾಡೆಲ್ ಹೋಲಿಸುವಾಗ ಮಾತ್ರ ಉಪಯೋಗಕ್ಕೆ ಬರುತ್ತದೆ.

ನೋಡಬೇಕಾದ್ದು ಟ್ಯೂಬ್‌ಗಳ ವ್ಯಾಸ, ಅದರಲ್ಲೂ ಅತಿ ಸಣ್ಣದರದ್ದು. ಈ ಟ್ರೈಪಾಡ್‌ನ ಕಾಲು 25, 22, 19, 16, 13 ಮಿ.ಮೀ. ಎಂದು ಇಳಿಯುತ್ತದೆ. ಜಾಹೀರಾತಿನಲ್ಲಿ ಕಾಣುವುದು 25 ಒಂದೇ. ಗೋಡೆಯ ದಪ್ಪ ಒಂದೇ ಇರುವ ತೆಳು ಟ್ಯೂಬ್‌ಗಳಲ್ಲಿ ಬಾಗದೆ ನಿಲ್ಲುವ ಗುಣ ಸುಮಾರಾಗಿ ವ್ಯಾಸದ ಘನಕ್ಕೆ ತಕ್ಕಂತೆ ಬದಲಾಗುತ್ತದೆ. ಅಂದರೆ ತುದಿಯ 13 ಮಿ.ಮೀ. ಟ್ಯೂಬ್ ಮೇಲಿನದಕ್ಕಿಂತ ಏಳು ಪಟ್ಟು ಸುಲಭವಾಗಿ ಬಾಗುತ್ತದೆ. ಸಣ್ಣ ವ್ಯಾಸ ಬರೆದಿಲ್ಲವಾದರೆ ಪ್ರತಿ ಹಂತಕ್ಕೆ 3 ಮಿ.ಮೀ. ಕಳೆಯುತ್ತ ಬನ್ನಿ, ಉತ್ತರ ಹತ್ತಿರ ಬರುತ್ತದೆ. 200 ಮಿ.ಮೀ.ನಂಥ ಟೆಲಿಫೋಟೋ ಲೆನ್ಸ್ ಇದ್ದವರು 20 ಮಿ.ಮೀ.ಗಿಂತ ಕಡಿಮೆಯ ತುದಿ ಟ್ಯೂಬ್ ಇರುವ ಟ್ರೈಪಾಡ್ ತೆಗೆದುಕೊಳ್ಳದಿರುವುದೇ ಒಳ್ಳೆಯದು. 'ಎಂಟು ಪದರ', 'ಹತ್ತು ಪದರ' ಕಾರ್ಬನ್ ಎಂಬ ಹೆಗ್ಗಳಿಕೆಯಿಂದ ತಿಳಿಯುವುದು ಬಹಳ ಕಮ್ಮಿ. ಕಾರ್ಬನ್‌ನ ನಿಜವಾದ ಲಾಭ ತೂಕದಲ್ಲಿದೆ, ಮತ್ತು ಚಳಿಯಲ್ಲಿ ಅಲ್ಯೂಮಿನಿಯಂನಷ್ಟು ಕೈ ಕೊರೆಯುವುದಿಲ್ಲ.

ಎತ್ತರದ ಲೆಕ್ಕವನ್ನು ಬಿಡಿಸಿ ನೋಡಿ. 155ರಲ್ಲಿ ನಡುಗಂಬದ್ದು 27, ಹೆಡ್‌ದು 10. ನಡುಗಂಬ ಎತ್ತಿದರೆ ಮೂರು ಕಾಲಿನ ಮೇಲೆ ಒಂಟಿ ಕೋಲು ನಿಂತಂತೆ, ಗಾಳಿ ಬೀಸಿದರೆ ಕೆಲಸ ಕೆಟ್ಟಿತು. ಅದನ್ನು ಇಳಿಸಿದರೆ ಉಳಿಯುವುದು 128. ತುದಿಯ 13 ಮಿ.ಮೀ. ಹಂತವನ್ನೂ ಒಳಗೇ ಬಿಟ್ಟರೆ ಸುಮಾರು 106 ಸೆಂ.ಮೀ. ಈ ಟ್ರೈಪಾಡ್ ಗಟ್ಟಿಯಾಗಿ ನಿಲ್ಲುವ ಎತ್ತರ ಅದು. ಬೆನ್ನು ಬಗ್ಗಿಸಿಯೇ ಫ್ರೇಮ್ ನೋಡಬೇಕು, ಇಲ್ಲವೇ ಮೇಲಕ್ಕೆ ತಿರುಗಿಸಬಹುದಾದ ಪರದೆ ಇರುವ ಕ್ಯಾಮೆರಾ ಬೇಕು. ತೂಕದ 1.1 ಕಿಲೋ ಕೂಡ ಕಾಲಿನದು ಮಾತ್ರ. ಹೆಡ್ ಮತ್ತು ಕ್ಯಾಮೆರಾದ ತಳಕ್ಕೆ ಬಿಗಿಯುವ ಪ್ಲೇಟ್ ಸೇರಿ ತಕ್ಕಡಿ ತೋರಿಸುವುದು 1.45.

ಬಾಲ್ ಹೆಡ್‌ನ ದೊಡ್ಡ ದೋಷ ಲಾಕ್ ಮಾಡಿದ ಮೇಲೆ ಫ್ರೇಮ್ ಕೂದಲೆಳೆಯಷ್ಟು ಇಳಿಯುವುದು. 24 ಮಿ.ಮೀ.ನಲ್ಲಿ ಗೊತ್ತಾಗುವುದೇ ಇಲ್ಲ. ತೀರಾ ಹತ್ತಿರದಿಂದ ತೆಗೆಯುವ ಮ್ಯಾಕ್ರೋದಲ್ಲಿ ಹುಳುವಿನ ಕಣ್ಣಿಗೆ ಫೋಕಸ್ ಹಿಡಿದು ನಾಬ್ ಬಿಗಿಮಾಡಿ ಕೈ ತೆಗೆದರೆ ಫ್ರೇಮ್‌ನಲ್ಲಿ ಹುಳುವಿನ ಕಾಲು ಮಾತ್ರ ಉಳಿದಿರುತ್ತದೆ. ಬೇಕಾದ್ದಕ್ಕಿಂತ ತುಸು ಮೇಲೆ ಇಟ್ಟು ಬಿಗಿ ಮಾಡುವುದೇ ಇದಕ್ಕಿರುವ ಉಪಾಯ. ಚೆಂಡಿಗೆ ಎಣ್ಣೆ ಹಾಕಬೇಡಿ, ಹಿಡಿತವೇ ಹೋಗುತ್ತದೆ. ಪ್ಲೇಟ್ ಹಲವು ಕಂಪನಿಗಳು ಬಳಸುವ ಆರ್ಕಾ-ಸ್ವಿಸ್ ಮಾದರಿಯದು, ಅಗಲ ಸುಮಾರು 38 ಮಿ.ಮೀ. ಆದರೆ ಇದರಲ್ಲಿ ಎಲ್ಲರೂ ಒಪ್ಪಿದ ನಿಖರ ಅಳತೆ ಇಲ್ಲ. ಸ್ಕ್ರೂ ಇರುವ ಕ್ಲ್ಯಾಂಪ್ ಹೆಚ್ಚುಕಡಿಮೆ ಎಲ್ಲ ಪ್ಲೇಟನ್ನೂ ಹಿಡಿಯುತ್ತದೆ. ಲಿವರ್ ಕ್ಲ್ಯಾಂಪ್ ಆದರೆ ಬೇರೆ ಕಂಪನಿಯ ಪ್ಲೇಟ್ ಒಂದೋ ಸಡಿಲ, ಒಂದೋ ಒಳಗೇ ಹೋಗದು.

ಲಾಕ್‌ಗಳು ಈಗಲೂ ಹಿಡಿಯುತ್ತವೆ, ಆದರೆ ಬಿಚ್ಚಿ ತೊಳೆಯುತ್ತಿದ್ದರೆ ಮಾತ್ರ. ತಿರುಗಿಸುವ ಲಾಕ್‌ನೊಳಗೆ ಟ್ಯೂಬಿನ ಸುತ್ತ ಎರಡು ಅರೆವೃತ್ತದ ಪ್ಲಾಸ್ಟಿಕ್ ತುಂಡುಗಳಿರುತ್ತವೆ. ಮರಳು ಸೇರುವುದು ಅಲ್ಲಿ. ತಿರುಗಿಸುವಾಗ ಕರಕರ ಎಂದರೆ ಲಾಕ್ ಪೂರ್ತಿ ಬಿಚ್ಚಿ ಟ್ಯೂಬನ್ನು ಎಳೆದು ತೆಗೆಯಿರಿ, ತುಂಡುಗಳು ಯಾವ ದಿಕ್ಕಿಗೆ ಕೂತಿದ್ದವು ಎಂಬುದರ ಫೋಟೋ ಇಟ್ಟುಕೊಳ್ಳಿ, ಸಿಹಿನೀರಿನಲ್ಲಿ ತೊಳೆದು ನೆರಳಲ್ಲಿ ಒಣಗಿಸಿ. ಗ್ರೀಸ್ ಸವರುವುದು ಲಾಕ್‌ನ ಸ್ಕ್ರೂ ಎಳೆಗಳಿಗೆ (ಥ್ರೆಡ್) ಮಾತ್ರ, ಅದೂ ತೆಳುವಾಗಿ. ಪ್ಲಾಸ್ಟಿಕ್ ತುಂಡಿಗೆ ತಗುಲಿದರೆ ಕಾಲು ಜಾರುತ್ತದೆ. ಸಮುದ್ರದ ನೀರು ಮುಟ್ಟಿದ್ದರೆ ಈ ಕೆಲಸ ಅದೇ ದಿನ ಆಗಬೇಕು.

ಇನ್ನು ಗ್ರಾಹಕರ ವಿಮರ್ಶೆ. ಈ ಟ್ರೈಪಾಡ್‌ಗೆ ಐದು ನಕ್ಷತ್ರಗಳು ಧಾರಾಳವಾಗಿವೆ. ಅವುಗಳಲ್ಲಿ ಹೆಚ್ಚಿನವು ಬಾಕ್ಸ್ ಬಿಚ್ಚಿದ ಸಂಭ್ರಮದಲ್ಲಿ ಬರೆದವು: 'ತುಂಬಾ ಗಟ್ಟಿಯಾಗಿದೆ, ಚೀಲ ಚೆನ್ನಾಗಿದೆ'. ಯಾವ ಲೆನ್ಸ್ ಹಾಕಿ ಗಟ್ಟಿ ಎಂದರು? ಮೊಬೈಲ್ ಇಟ್ಟವರಿಗೆ ಯಾವ ಟ್ರೈಪಾಡ್ ಆದರೂ ಗಟ್ಟಿಯೇ. ಲೆನ್ಸ್ ಹೆಸರೂ ಬಳಸಿದ ಅವಧಿಯೂ ಇಲ್ಲದ ಮೆಚ್ಚುಗೆಯನ್ನು ಲೆಕ್ಕಕ್ಕೇ ಹಿಡಿಯಬೇಡಿ. ಒಂದು ನಕ್ಷತ್ರದವರಲ್ಲಿ ಬಹಳಷ್ಟು ಮಂದಿಯ ಸಿಟ್ಟು ಕೊರಿಯರ್ ಮೇಲೆ. ಹೆಚ್ಚು ಉಪಯೋಗಕ್ಕೆ ಬರುವವರು ಮೂರು ನಕ್ಷತ್ರದವರು. 'ಒಂದು ಕಾಲಿನ ಲಾಕ್ ಆರು ತಿಂಗಳಿಗೆ ಜಾರತೊಡಗಿತು' ಎಂಬಂಥ ಮಾತು ಅಲ್ಲಿ ಸಿಗುತ್ತದೆ. ಅದೇ ಭಾಗದ ದೂರು ಬೇರೆ ಬೇರೆ ತಿಂಗಳಲ್ಲಿ ಮತ್ತೆ ಮತ್ತೆ ಬಂದರೆ ಅದು ಯಾರದೋ ಒಬ್ಬರ ದುರದೃಷ್ಟವಲ್ಲ, ತಯಾರಿಕೆಯ ದೋಷ. ಒಂದೇ ಪುಟದಲ್ಲಿ ಅಲ್ಯೂಮಿನಿಯಂ, ಕಾರ್ಬನ್ ಎರಡರ ವಿಮರ್ಶೆಯೂ ಬೆರೆತಿರುವುದುಂಟು. ಬರೆದವರ ಕೈಯಲ್ಲಿದ್ದದ್ದು ಯಾವುದು ಎಂದು ಅವರು ಹಾಕಿದ ಫೋಟೋ ನೋಡಿಯೇ ತಿಳಿಯಬೇಕು.

ಇಷ್ಟಾದರೂ ಹಿಂದಿರುಗಿಸುವ ಅವಧಿ ಮುಗಿಯುವ ಮೊದಲು ಮನೆಯಲ್ಲೇ ಪರೀಕ್ಷೆ ಮಾಡಿ. ಕಾಲುಗಳನ್ನು ಪೂರ್ತಿ ಎಳೆದು, ಲಾಕ್ ಬಿಗಿ ಮಾಡಿ, ಮೇಲಿನಿಂದ ಎರಡೂ ಕೈಯಲ್ಲಿ ಒತ್ತಿ. ಯಾವ ಟ್ಯೂಬೂ ಒಳಗೆ ಸರಿಯಬಾರದು. ಮೂರು ಕಾಲು ಸೇರುವ ಜಾಗವನ್ನು ಹಿಡಿದು ಎಡಬಲಕ್ಕೆ ತಿರುಚಿ. ಅಲ್ಲಿ ಟಕಟಕ ಎಂದು ಆಡಿದರೆ ಕಾಲಿನ ಬೋಲ್ಟ್ ಸಡಿಲ, ಅಲೆನ್ ಕೀಯಿಂದ ಬಿಗಿ ಮಾಡಿ ಮತ್ತೆ ನೋಡಿ. ನಿಮ್ಮ ಅತಿ ಭಾರದ ಲೆನ್ಸ್ ಹಾಕಿ, ಕ್ಯಾಮೆರಾದ ಪರದೆಯ ಲೈವ್ ವ್ಯೂನಲ್ಲಿ 10 ಪಟ್ಟು ಹಿಗ್ಗಿಸಿ ಒಂದು ಕಾಲನ್ನು ಬೆರಳಿನಿಂದ ತಟ್ಟಿ. ಚಿತ್ರ 2 ಸೆಕೆಂಡಿನಲ್ಲಿ ನಿಲ್ಲದಿದ್ದರೆ 2 ಸೆಕೆಂಡಿನ ಸೆಲ್ಫ್ ಟೈಮರ್ ಸಾಲದು ಎಂದರ್ಥ. ಅಲುಗಾಟ ಮರೆಮಾಚುವ ಇಮೇಜ್ ಸ್ಟೆಬಿಲೈಸೇಶನ್ ಆಫ್ ಮಾಡಿಯೇ ಇದನ್ನು ನೋಡಬೇಕು. ಕೊನೆಗೆ ಕ್ಯಾಮೆರಾವನ್ನು ಮಟ್ಟವಾಗಿ ಲಾಕ್ ಮಾಡಿ, ಗೋಡೆಯ ಮೇಲೆ ಒಂದು ಚುಕ್ಕೆ ಗುರುತಿಸಿ ಐದು ನಿಮಿಷ ಬಿಟ್ಟು ಬನ್ನಿ. ಫ್ರೇಮ್‌ನಲ್ಲಿ ಚುಕ್ಕೆ ಜಾಗ ಬದಲಿಸಿದ್ದರೆ ಹೆಡ್ ಜಾರಿದೆ ಎಂದರ್ಥ.

ಚುಕ್ಕೆ ಮಾತ್ರ ಜಾರಿ ಉಳಿದೆಲ್ಲ ಸರಿಯಿದ್ದರೆ ಟ್ರೈಪಾಡ್ ವಾಪಸ್ ಕಳಿಸಲೇಬೇಕೆಂದಿಲ್ಲ. ಹೆಡ್ ಬಿಚ್ಚಿ ಅಡಿಯ ಸ್ಕ್ರೂ ನೋಡಿ. 3/8 ಇಂಚಿನದಾದರೆ ಮುಂದೆ ಬೇರೆ ಹೆಡ್ ಕೂರಿಸಬಹುದು. ಕಾಲು ಸರಿದರೆ ಅಥವಾ ಬಿಗಿ ಮಾಡಿದ ಮೇಲೂ ಬೋಲ್ಟ್ ಆಡುತ್ತಿದ್ದರೆ ಬಾಕ್ಸ್‌ಗೆ ಹಾಕಿ ಹಿಂದಿರುಗಿಸಿ.