ಆರಂಭಿಕರಿಗೆ ಕೆಂಪು ಪುಸ್ತಕವೇ ಸರಿ: ‘ಎಸೆನ್ಷಿಯಲ್ ಗ್ರಾಮರ್ ಇನ್ ಯೂಸ್’

ಇಂಗ್ಲಿಷ್ ವ್ಯಾಕರಣವನ್ನು ಮನೆಯಲ್ಲೇ ಕುಳಿತು ಮೊದಲಿನಿಂದ ಕಲಿಯಬಯಸುವವರಿಗೆ ನಾನು ಹಿಂಜರಿಯದೆ ಸೂಚಿಸುವ ಪುಸ್ತಕ ರೇಮಂಡ್ ಮರ್ಫಿಯವರ ‘ಎಸೆನ್ಷಿಯಲ್ ಗ್ರಾಮರ್ ಇನ್ ಯೂಸ್’. ಕೇಂಬ್ರಿಡ್ಜ್ ಯೂನಿವರ್ಸಿಟಿ ಪ್ರೆಸ್ ಪ್ರಕಟಿಸಿದ ಇದರ ನಾಲ್ಕನೆಯ ಆವೃತ್ತಿ 2015ರದು. ಇದೇ ಲೇಖಕರ ನೀಲಿ ಹೊದಿಕೆಯ ಪುಸ್ತಕ ಹೆಚ್ಚು ಹೆಸರುವಾಸಿಯಾದರೂ ಅದು ಮಧ್ಯಮ ಹಂತದವರಿಗೆಂದು ಬರೆದದ್ದಾದ್ದರಿಂದ, ಆರಂಭಿಕರು ಅಂಗಡಿಯಲ್ಲಿ ಕೆಂಪು ಹೊದಿಕೆಯದನ್ನೇ ಕೇಳಿ ಪಡೆಯಬೇಕು.

ಪುಸ್ತಕದಲ್ಲಿ 115 ಪಾಠಗಳಿವೆ. ಎಡಪುಟದಲ್ಲಿ ವಿವರಣೆ, ಬಲಪುಟದಲ್ಲಿ ಅಭ್ಯಾಸ. ನಿಯಮವನ್ನು ಓದಿದ ಕೂಡಲೇ ಅದನ್ನು ಬಳಸಿ ನೋಡಲೇಬೇಕಾಗುತ್ತದೆ. ‘ಐ ಆ್ಯಮ್ ನೋಯಿಂಗ್ ಹಿಮ್’ ಎಂಬಂಥ ತಪ್ಪು ವಾಕ್ಯಗಳು ನಮ್ಮಲ್ಲಿ ಓದಿದವರ ಬಾಯಲ್ಲೂ ಕೇಳಿಬರುತ್ತವೆ. ‘ಐ ಡೂ’, ‘ಐ ಆ್ಯಮ್ ಡೂಯಿಂಗ್’ ರೂಪಗಳನ್ನು ಮೊದಲು ಬೇರೆ ಬೇರೆಯಾಗಿ ಕಲಿಸಿ, ಆಮೇಲೆ ಎರಡನ್ನೂ ಎದುರುಬದುರಾಗಿ ಇಡುವ ಎಂಟನೆಯ ಪಾಠವು ನೋ, ವಾಂಟ್, ಲೈಕ್, ಅಂಡರ್‌ಸ್ಟ್ಯಾಂಡ್ ಮುಂತಾದ ಕ್ರಿಯಾಪದಗಳಿಗೆ ‘-ಇಂಗ್’ ರೂಪ ಒಗ್ಗದೆಂದು ಪಟ್ಟಿಮಾಡಿ ತೋರಿಸುತ್ತದೆ. ಈ ಒಂದು ಪಾಠವನ್ನು ಶ್ರದ್ಧೆಯಿಂದ ಮಾಡಿದರೂ ಮಾತು ಎಷ್ಟೋ ತಿದ್ದಿಕೊಳ್ಳುತ್ತದೆ. ಕಾಲಸೂಚಕ ‘ಆ್ಯಟ್’, ‘ಆನ್’, ‘ಇನ್’ಗಳ ಪಾಠವೂ ಅಷ್ಟೇ ಸೊಗಸಾಗಿದೆ. ಗಂಟೆಗೆ ‘ಆ್ಯಟ್’, ವಾರದ ದಿನಕ್ಕೆ ‘ಆನ್’, ತಿಂಗಳಿಗೂ ವರ್ಷಕ್ಕೂ ‘ಇನ್’ ಎಂಬುದು ವಿಭಕ್ತಿ ಪ್ರತ್ಯಯಗಳಿಗೆ ಒಗ್ಗಿದ ನಮಗೆ ಉದಾಹರಣೆಗಳಿಂದಲೇ ಮನದಟ್ಟಾಗುತ್ತದೆ.

ಕೊರತೆಗಳೂ ಇವೆ. ‘ಎ’, ‘ದ’ಗಳಿಗೆ ಹಲವು ಪಾಠಗಳನ್ನು ಮೀಸಲಿಟ್ಟಿದ್ದರೂ, ಅಂಥ ಪದವರ್ಗವೇ ಇಲ್ಲದ ಕನ್ನಡದಿಂದ ಬಂದವರಿಗೆ ಆ ಅಭ್ಯಾಸ ಸಾಲದು, ಇಂಗ್ಲಿಷ್ ಕಥೆಗಳನ್ನು ಓದುತ್ತಾ ಅವುಗಳ ಬಳಕೆಯನ್ನು ಗಮನಿಸಬೇಕಾಗುತ್ತದೆ. ‘ಪುಟ್ ಆನ್’, ‘ರನ್ ಅವೇ’ಯಂಥ ದಿನಬಳಕೆಯ ಜೋಡಿಗಳಿಗೆ ಕೊನೆಯ ಎರಡೇ ಪಾಠಗಳು, ಜೊತೆಗೆ ಅನುಬಂಧದಲ್ಲಿ ಪಟ್ಟಿ ಇವೆ. ವಿವರಣೆ ಸರಳವಾಗಿದ್ದರೂ ಪೂರ್ತಿ ಇಂಗ್ಲಿಷಿನಲ್ಲೇ ಇರುವುದರಿಂದ, ಅಕ್ಷರಗಳನ್ನಷ್ಟೇ ಬಲ್ಲವರಿಗೆ ಮೊದಲ ಕೆಲವು ಪಾಠಗಳಿಗಾದರೂ ತಿಳಿದವರೊಬ್ಬರು ಪಕ್ಕದಲ್ಲಿರಬೇಕು.

ಪಾಠಗಳನ್ನು ಸಾಲಾಗಿಯೇ ಮುಗಿಸಬೇಕೆಂಬ ಕಟ್ಟುಪಾಡಿಲ್ಲ. ಪುಸ್ತಕದ ಕೊನೆಯಲ್ಲಿರುವ ಮಾರ್ಗದರ್ಶಿ ಪ್ರಶ್ನೆಗಳನ್ನು ಬಿಡಿಸಿ, ತಪ್ಪಿದ ಕಡೆಗೆ ಸಂಬಂಧಿಸಿದ ಪಾಠಕ್ಕೆ ನೇರವಾಗಿ ಹೋಗಬಹುದು. ತರಗತಿಗಳಿಗೆಂದು ಉತ್ತರಗಳಿಲ್ಲದ ಮುದ್ರಣವೂ ಮಾರಾಟದಲ್ಲಿದೆ. ಸ್ವಂತವಾಗಿ ಕಲಿಯುವವರು ಉತ್ತರಗಳಿರುವುದನ್ನೇ ನೋಡಿ ಖರೀದಿಸಬೇಕು.