ಊಟದ ಹೊತ್ತಿಗೆ ಊಟಕ್ಕೆ ಬಿಡುವ ಬಟ್ಟೆ ಅಂಗಡಿ

ದಾವಣಗೆರೆಯ ಮಂಡಿಪೇಟೆ ಕಡೆಯ ಈ ಬಟ್ಟೆ ಅಂಗಡಿಗೆ ನಾನು ಐದಕ್ಕೆ ನಾಲ್ಕೂವರೆ ಕೊಡುತ್ತೇನೆ. ತಂಗಿ ಮದುವೆಗೆ ಇಳಕಲ್ ಸೀರೆ, ಬೀಗರಿಗೆ ಕೊಡುವ ಸೀರೆ, ಗಂಡಸರಿಗೆ ಪಂಚೆ ಶಲ್ಯ ಎಲ್ಲ ಇಲ್ಲೇ ತಗೊಂಡೆವು. ದರ ಕಡಿಮೆ ಏನಲ್ಲ. ಮಾಲು ಮಾತ್ರ ಚೆನ್ನಾಗಿದೆ. ಸೀರೆ ತೋರಿಸಿದ ಹುಡುಗಿ ಒಡಲಿನ ನೂಲಿಗೂ ಸೆರಗಿನ ನೂಲಿಗೂ ಕೊಂಡಿ ಹಾಕಿದ ಜಾಗವನ್ನು ಬಿಡಿಸಿ ತೋರಿಸಿದಳು. ಅವ್ವ ಹತ್ತು ಸಲ ಬಣ್ಣ ಬದಲಾಯಿಸಿದರೂ ಮುಖ ಗಂಟು ಹಾಕಲಿಲ್ಲ.

ಯಾಕೆ ಅಂದರೆ ಆಕೆ ಊಟ ಮಾಡಿ ಬಂದಿದ್ದಳು. ಇಲ್ಲಿ ಮಧ್ಯಾಹ್ನ ಕೌಂಟರಿನಲ್ಲಿ ಅರ್ಧ ಜನ ಮಾತ್ರ ಇರುತ್ತಾರೆ. ಉಳಿದವರಿಗೆ ಪೂರ್ತಿ ಒಂದು ಗಂಟೆ ಬಿಡುವು. ಅವರು ಬಂದ ಮೇಲೆ ಇವರು ಹೋಗುತ್ತಾರೆ. ಕೌಂಟರಿನ ಹಿಂದೆ ಸ್ಟೂಲ್ ಇವೆ, ಗಿರಾಕಿ ಇಲ್ಲದಾಗ ಕೂರುತ್ತಾರೆ. ಯಾರಿಗೆ ಯಾವ ದಿನ ವಾರದ ರಜೆ ಅಂತ ಗೋಡೆ ಮೇಲೆ ಬರೆದು ಹಾಕಿದ್ದಾರೆ.

ಮದುವೆಗೆ ಮುಂಚೆ ನಾನೂ ಬೇರೆ ಊರಿನ ಒಂದು ಶೋರೂಮಿನಲ್ಲಿ ಸೀರೆ ಸೆಕ್ಷನ್ನಿನಲ್ಲಿದ್ದೆ. ಬೆಳಗ್ಗೆ ಒಂಬತ್ತೂವರೆಗೆ ಹೋದರೆ ರಾತ್ರಿ ಶಟರ್ ಎಳೆದ ಮೇಲೂ ಸೀರೆ ಮಡಿಸುವ ಕೆಲಸ ಮುಗಿಯುತ್ತಿರಲಿಲ್ಲ. ಗೋಡೌನಿನಲ್ಲಿ ನಿಂತುಕೊಂಡೇ ಊಟದ ಡಬ್ಬಿ ಖಾಲಿ ಮಾಡಬೇಕು. ಕೂತರೆ ಸೂಪರ್‌ವೈಸರ್ ಬೈಯುತ್ತಿದ್ದರು. ದೀಪಾವಳಿ ಸೀಸನ್ನಿನಲ್ಲಿ ವಾರದ ರಜೆಯೂ ಇಲ್ಲ. ಹೆಚ್ಚು ಹೊತ್ತು ದುಡಿದದ್ದಕ್ಕೆ ಓಟಿ ಕೇಳಿದರೆ ಸ್ವೀಟ್ ಬಾಕ್ಸ್ ಕೊಡುತ್ತಿದ್ದರು. ರಾತ್ರಿ ಕಾಲು ಊದಿ ಚಪ್ಪಲಿ ಹಿಡಿಸುತ್ತಿರಲಿಲ್ಲ.

ಕರ್ನಾಟಕದ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ ಬಂದದ್ದು 1961ರಲ್ಲಿ. ಅದು ಹೇಳುವುದು ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆ ಕೆಲಸ. ಒಂದೇ ಸಮನೆ 5 ಗಂಟೆಗಿಂತ ಜಾಸ್ತಿ ದುಡಿಸುವ ಹಾಗಿಲ್ಲ, ನಡುವೆ ಕನಿಷ್ಠ 1 ಗಂಟೆ ಬಿಡುವು ಕೊಡಬೇಕು. ಬಿಡುವೂ ಸೇರಿ ಬೆಳಗ್ಗೆಯಿಂದ ರಾತ್ರಿಯವರೆಗೆ ಒಟ್ಟು 12 ಗಂಟೆ ದಾಟಬಾರದು. ಹೆಚ್ಚಿನ ಕೆಲಸಕ್ಕೆ ಎರಡು ಪಟ್ಟು ಕೂಲಿ. ವಾರದ ರಜೆಗೆ ಸಂಬಳ ಹಿಡಿಯುವಂತಿಲ್ಲ. ಆ ಶೋರೂಮಿನಲ್ಲಿ ಇದನ್ನು ನಮಗೆ ಯಾರೂ ಹೇಳಲಿಲ್ಲ. 2025ರಲ್ಲಿ ದಿನದ ಮಿತಿಯನ್ನು 10 ಗಂಟೆಗೆ ಏರಿಸುವ ಪ್ರಸ್ತಾಪ ಬಂದಾಗ ಐಟಿಯವರ ಸುದ್ದಿಯೇ ಜೋರಾಗಿತ್ತು. ಅದೇ ಕಾಯ್ದೆ ಸೀರೆ ಮಡಿಸುವ ಹುಡುಗಿಯರಿಗೂ ಅನ್ವಯಿಸುತ್ತದೆ, ಅಲ್ವಾ?

ಈ ಅಂಗಡಿಯವರು ಮಾಡುತ್ತಿರುವುದು ಕಾನೂನು ಹೇಳಿದ್ದನ್ನೇ. ಆದರೂ ಹೊಗಳುತ್ತೇನೆ, ಏಕೆಂದರೆ ಅಷ್ಟನ್ನೂ ಮಾಡದವರ ಹತ್ತಿರ ನಾನು ದುಡಿದಿದ್ದೇನೆ.

ಅರ್ಧ ಅಂಕ ಕಡಿತ ಫಾಲ್ಸ್ ಹೊಲಿಸುವ ವಿಷಯಕ್ಕೆ. ಹೇಳಿದ ದಿನ ಕೊಡಲಿಲ್ಲ, ಎರಡು ಸಲ ಅಲೆಯಬೇಕಾಯಿತು. ಗಾಡಿ ನಿಲ್ಲಿಸಲು ಜಾಗವೂ ಇಲ್ಲ. ಮದುವೆ ಜವಳಿಗೆ ಹೋಗುವವರು ಬೆಳಗ್ಗೆಯೇ ಹೋಗಿ. ಮಧ್ಯಾಹ್ನ ಹೋದರೆ ಸ್ವಲ್ಪ ಕಾಯಬೇಕಾಗುತ್ತದೆ, ದಯವಿಟ್ಟು ಕಾಯಿರಿ. ಊಟಕ್ಕೆ ಕೂತವರನ್ನು ಎಬ್ಬಿಸಿ ಕರೆಸಬೇಡಿ.