ಮೋಟರ್‌ಹೋಮಿನ ಸೋರಿಕೆ: ಹೋಸಿನ ನೀರು, ತೇವಮಾಪಕ, ಸೋಪಿನ ನೊರೆ

ಸಿಯಾಟಲ್ ಸುತ್ತಮುತ್ತ ಅಕ್ಟೋಬರ್‌ನಿಂದ ಮಾರ್ಚ್‌ವರೆಗೆ ಬೀಳುವುದು ನಮ್ಮ ಮಲೆನಾಡಿನ ಜಡಿಮಳೆಯಲ್ಲ, ದಿನಗಟ್ಟಲೆ ಬಿಡದೆ ಹನಿಯುವ ತುಂತುರು. ಚಾಲಕನ ಆಸನದ ಮೇಲಕ್ಕೆ ಮುಂಚಾಚಿದ ಮಂಚವಿರುವ, ಅಮೆರಿಕದಲ್ಲಿ ಕ್ಲಾಸ್ ಸಿ ಎಂದು ಕರೆಯುವ ಹಳೆಯ ಮೋಟರ್‌ಹೋಮ್ (ಒಳಗೇ ವಾಸಿಸಬಹುದಾದ ಗಾಡಿ) ಒಂದನ್ನು ಕೊಂಡ ಮೊದಲ ಚಳಿಗಾಲದಲ್ಲೇ ಆ ತುಂತುರಿನ ಶಕ್ತಿ ನಮಗೆ ತಿಳಿಯಿತು. ಹಾಸಿಗೆ ಎತ್ತಿ ನೋಡಿದರೆ ಎಡಮೂಲೆಯ ಪ್ಲೈವುಡ್ ಕಪ್ಪಾಗಿತ್ತು. ಹೆಬ್ಬೆರಳಿನಿಂದ ಒತ್ತಿದಾಗ ಚಹಾದಲ್ಲಿ ನೆನೆದ ಬಿಸ್ಕತ್ತಿನಂತೆ ಕುಸಿಯಿತು.

ಅದು ಮಳೆಯ ನೀರೋ, ಗಾಡಿಯೊಳಗಿನ ಕೊಳವೆಗಳ ನೀರೋ ಎಂಬುದನ್ನು ಮೊದಲು ತೀರ್ಮಾನಿಸಿಕೊಳ್ಳಬೇಕಿತ್ತು. ಎಲ್ಲ ನಲ್ಲಿಗಳನ್ನು ಮುಚ್ಚಿ 12 ವೋಲ್ಟಿನ ಪಂಪನ್ನು ಚಾಲೂ ಇಟ್ಟರೆ, ಕೊಳವೆಗಳಲ್ಲಿ ಒತ್ತಡ ತುಂಬಿದೊಡನೆ ಅದು ತಾನಾಗಿ ನಿಲ್ಲಬೇಕು. ಯಾರೂ ನಲ್ಲಿ ತಿರುಗಿಸದಿದ್ದರೂ ಆಗಾಗ ಗುರ್ ಎಂದರೆ ಎಲ್ಲೋ ಜಾಯಿಂಟ್ ಜಿನುಗುತ್ತಿದೆ, ಇಲ್ಲವೇ ಪಂಪಿನೊಳಗಿನ ವಾಲ್ವ್ ಕೆಟ್ಟಿದೆ. ನಮ್ಮ ಪಂಪು ರಾತ್ರಿಯಿಡೀ ಸುಮ್ಮನಿತ್ತು. ಹಾಗಾಗಿ ಆಪಾದನೆ ಮಳೆಯ ಮೇಲೆಯೇ ಬಂತು.

ಎಲ್ಲರೂ ಮೊದಲು ಮಾಡುವಂತೆ ನಾನೂ ತೋಟದ ಹೋಸನ್ನೇ ಹಿಡಿದೆ. ಕೆಳಗಿನಿಂದ ಶುರುಮಾಡಿ, ಒಂದೊಂದು ಪಟ್ಟಿಗೂ ಹತ್ತು ನಿಮಿಷ ನೀರು ಬಿಡುತ್ತ ಮೇಲಕ್ಕೆ ಹೋಗಬೇಕು. ಒಳಗೊಬ್ಬರು ಟಾರ್ಚ್ ಹಿಡಿದು ಕಾಯಬೇಕು. ಖರ್ಚಿಲ್ಲ ಎಂಬುದೊಂದೇ ಇದರ ಗುಣ. ಹೆಂಚಿನ ಮನೆಯಲ್ಲಿ ಬೆಳೆದವರಿಗೆ ಇದರ ದೋಷವನ್ನು ವಿವರಿಸಬೇಕಿಲ್ಲ: ಹೆಂಚು ಒಡೆದಲ್ಲಿಯೇ ನೀರು ಬೀಳುವುದಿಲ್ಲ, ರೀಪಿನಗುಂಟ ಹರಿದು ಇನ್ನೆಲ್ಲೋ ತೊಟ್ಟಿಕ್ಕುತ್ತದೆ. ಇಲ್ಲಿಯೂ ಗೋಡೆಯೊಳಗಿನ ಮರದ ಚೌಕಟ್ಟು ಅದೇ ಆಟ ಆಡಿತು. ಹೋಸನ್ನು ನಂಬಿ ಪಕ್ಕದ ಕಿಟಕಿಯನ್ನೇ ಬಿಚ್ಚಿ, ಹೊಸ ಸೀಲ್ ಹಾಕಿ ಕೂರಿಸಿದೆ; ಮುಂದಿನ ವಾರದ ಮಳೆಗೆ ಅದೇ ಮೂಲೆ ಮತ್ತೆ ಒದ್ದೆಯಾಯಿತು.

ಎರಡು ಸೂಜಿಗಳನ್ನು ಮರಕ್ಕೆ ಚುಚ್ಚಿ ತೇವದ ಪ್ರಮಾಣವನ್ನು ಅಳೆಯುವ ಮಾಪಕವನ್ನು ಆಮೇಲೆ ತಂದೆ. ಮರದಲ್ಲಿ ತೇವ ಶೇಕಡಾ 15ಕ್ಕಿಂತ ಕಡಿಮೆ ಇದ್ದರೆ ಚಿಂತೆಯಿಲ್ಲ. 20 ದಾಟಿದ ಸ್ಥಿತಿ ಹಾಗೆಯೇ ಮುಂದುವರಿದರೆ ಕೊಳೆಸುವ ಶಿಲೀಂಧ್ರಕ್ಕೆ ದಾರಿಯಾಗುತ್ತದೆ. 30ರ ಹೊತ್ತಿಗೆ ಮರದ ನಾರುಗಳು ಪೂರ್ತಿ ನೀರು ಕುಡಿದಿರುತ್ತವೆ. ಗೇಣಿಗೊಂದು ಅಳತೆ ತೆಗೆದು, ಗೋಡೆಯ ಮೇಲೆ ಪೆನ್ಸಿಲಿನಲ್ಲಿ 12, 14, 19, 26, 31 ಎಂದು ಬರೆಯುತ್ತ ಹೋದಂತೆ ನೀರಿನ ನಕ್ಷೆಯೇ ಮೂಡಿತು, ಮತ್ತು ಅದರ ತುದಿ ಕಿಟಕಿಯ ಕಡೆಗಲ್ಲ, ಮುಂದಿನ ಗೋಡೆಯ ಕಡೆಗಿತ್ತು. ಒಳಗೆ ಲೋಹದ ಪಟ್ಟಿ ಅಥವಾ ತಂತಿ ಇದ್ದರೆ ಸಂಖ್ಯೆ ಸುಳ್ಳಾಗುತ್ತದೆ, ಸೂಜಿಯ ಗುರುತೂ ಉಳಿಯುತ್ತದೆ. ನೀರು ಎಲ್ಲಿದೆ ಎಂದು ಹೇಳುವ ಈ ಸಲಕರಣೆ ಎಲ್ಲಿಂದ ಬಂತೆಂದು ಹೇಳಲಾರದು.

ಅದನ್ನು ಹೇಳಿದ್ದು ಸೋಪಿನ ನೊರೆ. ಚಾವಣಿಯ ಗಾಳಿಕಿಂಡಿಗೆ ದೊಡ್ಡ ಬ್ಲೋವರ್ ಕೂರಿಸಿ, ಉಳಿದ ಕಿಂಡಿಗಳಿಗೆಲ್ಲ ಟೇಪ್ ಅಂಟಿಸಿ ಒಳಗೆ ಗಾಳಿ ತುಂಬುತ್ತಾರೆ. ಹೊರಗಿನಿಂದ ಸೋಪಿನ ನೀರು ಸಿಂಪಡಿಸಿದರೆ ಬಿರುಕಿದ್ದಲ್ಲಿ ಗುಳ್ಳೆ ಏಳುತ್ತದೆ. ಇದಕ್ಕೆ ವರ್ಕ್‌ಶಾಪಿಗೇ ಹೋಗಬೇಕಾಯಿತು, ಖರ್ಚೂ ಆಯಿತು. ಕಿಟಕಿಗಳ ಕೆಳಗೆ ನೀರು ಹೊರಹೋಗಲೆಂದೇ ಬಿಟ್ಟ ತೂತುಗಳಲ್ಲೂ ಗುಳ್ಳೆ ಬರುವುದರಿಂದ ಮೊದಲಿಗೆ ಗಾಬರಿಯಾಗುತ್ತದೆ. ಆದರೆ ಮುಂಭಾಗದ ನೆತ್ತಿಯಲ್ಲಿ ಸಾಲಾಗಿರುವ ಐದು ಹಳದಿ ದೀಪಗಳ ಪೈಕಿ ಎರಡನೆಯದರ ಸ್ಕ್ರೂ ಪಕ್ಕದಲ್ಲಿ ಕಡಲೆಕಾಳಿನಷ್ಟು ಗುಳ್ಳೆಯೊಂದು ಉಬ್ಬಿ, ಒಡೆದು, ಮತ್ತೆ ಉಬ್ಬುವುದನ್ನು ನೋಡಿದ ಮೇಲೆ ಬೇರೆ ಸಾಕ್ಷಿ ಬೇಕಾಗಲಿಲ್ಲ. ಮತ್ತೆ ಇಂಥ ಪ್ರಸಂಗ ಬಂದರೆ ಮಾಪಕದಿಂದ ಶುರುಮಾಡಿ ನೇರವಾಗಿ ನೊರೆಗೆ ಹೋಗುತ್ತೇನೆ. ಹೋಸು ಗಾಡಿ ತೊಳೆಯುವುದಕ್ಕಿರಲಿ.

ದುರಸ್ತಿಯಲ್ಲೂ ಆಯ್ಕೆಗಳಿದ್ದವು. ಹಿಂದಿನ ಮಾಲೀಕರು ಕಂಡಕಂಡಲ್ಲಿ ಸಿಲಿಕೋನ್ ಬಳಿದಿದ್ದರು. ಅದರ ಮೇಲೆ ಬೇರೇನೂ ಸರಿಯಾಗಿ ಅಂಟುವುದಿಲ್ಲ, ಪೂರ್ತಿ ಕೆರೆದು ತೆಗೆಯದೆ ಗತ್ಯಂತರವಿಲ್ಲ. ತಾನಾಗಿ ಹರಡಿಕೊಳ್ಳುವ ಲ್ಯಾಪ್ ಸೀಲೆಂಟ್ ಎಂಬ ಸಂದು ಮುಚ್ಚುವ ಅಂಟು ರಬ್ಬರ್ ಚಾವಣಿಯ ಮೇಲೆ ಸೊಗಸಾಗಿ ಕೂರುತ್ತದೆ, ಆದರೆ ಅದನ್ನೇ ಮುಂದಿನ ಗೋಡೆಗೆ ಹಚ್ಚಿದ ನನ್ನ ದಡ್ಡತನಕ್ಕೆ ಅದು ಬೆಲ್ಲದ ಪಾಕದಂತೆ ಗಾಜಿನವರೆಗೆ ಇಳಿಯಿತು. ನೇರ ಗೋಡೆಗೆ ಜಾರದ ಬಗೆಯದೇ ಬೇರೆ ಸಿಗುತ್ತದೆ. ಎಟರ್ನಾಬಾಂಡ್‌ನಂಥ ಅಗಲ ಟೇಪು ಚಾವಣಿಯ ಉದ್ದನೆಯ ಸಂದುಗಳಿಗೆ ಚೆನ್ನ, ರೋಲರ್‌ನಿಂದ ಒತ್ತಿ ಕೂರಿಸಿದರೆ ಅಲುಗುವುದಿಲ್ಲ. ಸೊಟ್ಟಗೆ ಅಂಟಿಸಿದರೂ ಅಲುಗುವುದಿಲ್ಲ ಎಂಬುದೇ ತೊಡಕು.

ದೀಪಕ್ಕೆ ಇವೆಲ್ಲ ಮೇಲಿನ ತೇಪೆಗಳೇ. ಐದನ್ನೂ ಬಿಚ್ಚಿ, ಒಣಗಿ ಪುಡಿಯಾಗಿದ್ದ ಹಳೆಯ ಗ್ಯಾಸ್ಕೆಟ್ ಕೆರೆದು, ಹಿಂಬದಿಗೆ ಬ್ಯೂಟೈಲ್ ಎಂಬ ಮೆತ್ತನೆಯ ಅಂಟು ರಬ್ಬರಿನ ಬೂದುಬಣ್ಣದ ಪಟ್ಟಿ ಸುತ್ತಿ, ಅಂಚಿನಿಂದ ಅದು ಹೊರಗೆ ಉಕ್ಕುವಷ್ಟು ಸ್ಕ್ರೂ ಬಿಗಿದು, ನಾಲ್ಕು ದಿನ ಬಿಟ್ಟು ಇನ್ನೊಮ್ಮೆ ಬಿಗಿದೆ. ಆದರೂ ಒಳಗಿನ ಹಲಗೆಯನ್ನು ಕೂಡಲೇ ಮುಚ್ಚಲಿಲ್ಲ. ಕೊಳೆತ ಭಾಗವನ್ನು ಕತ್ತರಿಸಿ ತೆಗೆದು, ತೇವ ಹೀರುವ ಯಂತ್ರವನ್ನು ಹಗಲೂ ರಾತ್ರಿ ಓಡಿಸಿ, 31 ಎಂದು ಬರೆದಿದ್ದ ಜಾಗದ ಚೌಕಟ್ಟಿನಲ್ಲಿ ಮಾಪಕ 13 ತೋರಿಸುವವರೆಗೆ ಐದು ವಾರ ಕಾದು, ಆಮೇಲೆ ಹೊಸ ಪ್ಲೈವುಡ್ ಹೊಡೆದೆ.